ಹೊಳೆಗೂ ಒಂದು ಅಕಾಡೆಮಿಕ್ ಕ್ಯಾಲೆಂಡರ್ ಬೇಕು

ಹಾಸ್ಟೆಲ್‌ನಲ್ಲಿ ಊಟ ಮಾಡುವಾಗ ನಮ್ಮಲ್ಲಿ ಅರ್ಧ ಮಂದಿ ಕ್ರಿಕೆಟ್ ಹೈಲೈಟ್ಸ್ ನೋಡ್ತಾರೆ, ಇನ್ನರ್ಧ ಮಂದಿ ಯಾರೋ ಎಲ್ಲಿಗೋ ಹೋದ ವಿಡಿಯೊ ನೋಡ್ತಾರೆ. ಇತ್ತೀಚೆಗೆ ನಮ್ಮ ವಿಂಗ್‌ನಲ್ಲಿ ಓಡ್ತಿರೋದು ಮೀನು ಹಿಡಿಯುವ ವಿಡಿಯೊ. ಅಮೆರಿಕದ ವಾಷಿಂಗ್ಟನ್, ಆರೆಗಾನ್ ಕಡೆಯ ತಣ್ಣನೆಯ ಹೊಳೆ, ದೋಣಿ ನಡೆಸೋಕೆ ಒಬ್ಬ ಗೈಡ್, ದುಡ್ಡು ಕೊಟ್ಟು ಬಂದು ಗಾಳ ಹಾಕೋ ನಾಲ್ಕು ಮಂದಿ, ಕೊನೆಗೆ ತೋಳಿನುದ್ದದ ಸಾಲ್ಮನ್ ಅಥವಾ ಸ್ಟೀಲ್‌ಹೆಡ್. ಎಲ್ಲರೂ ಮೀನು ನೋಡಿ 'ಅಬ್ಬಾ' ಅಂತಾರೆ. ನನಗೆ ಅಬ್ಬಾ ಅನ್ನಿಸಿದ್ದು ಅವರ ಕ್ಯಾಲೆಂಡರ್.

ಸ್ವಲ್ಪ ಬಿಡಿಸಿ ಹೇಳ್ತೀನಿ. ಸಾಲ್ಮನ್ ಹೊಳೆಯಲ್ಲಿ ಹುಟ್ಟಿ, ಸಮುದ್ರಕ್ಕೆ ಹೋಗಿ ಬೆಳೆದು, ಮೊಟ್ಟೆ ಇಡೋಕೆ ಹುಟ್ಟಿದ ಹೊಳೆಗೇ ವಾಪಸ್ ಬರುತ್ತೆ. ಆ ನೀರಿನ ವಾಸನೆ ಅದಕ್ಕೆ ನೆನಪಿರುತ್ತೆ. ಪೆಸಿಫಿಕ್ ಸಾಲ್ಮನ್ ಒಮ್ಮೆ ಮೊಟ್ಟೆ ಇಟ್ಟ ಮೇಲೆ ಸಾಯುತ್ತೆ. ಸ್ಟೀಲ್‌ಹೆಡ್ ಅಂದ್ರೆ ಸಮುದ್ರಕ್ಕೆ ಹೋಗಿ ಬರುವ ರೇನ್‌ಬೋ ಟ್ರೌಟ್, ಅದು ಬದುಕಿದ್ರೆ ಇನ್ನೊಂದು ಸಲ ಬರಬಹುದು. ವಸಂತದಲ್ಲಿ ಚಿನೂಕ್, ಬೇಸಿಗೆಯಲ್ಲಿ ಒಂದು ಗುಂಪಿನ ಸ್ಟೀಲ್‌ಹೆಡ್, ಎಲೆ ಉದುರೋ ಕಾಲಕ್ಕೆ ಕೋಹೊ, ಚಳಿಗಾಲಕ್ಕೆ ಇನ್ನೊಂದು ಗುಂಪಿನ ಸ್ಟೀಲ್‌ಹೆಡ್. ಯಾವ ಹೊಳೆ ಯಾವ ತಾರೀಖಿಗೆ ತೆರೆಯುತ್ತೆ, ಯಾವತ್ತು ಮುಚ್ಚುತ್ತೆ, ದಿನಕ್ಕೆ ಎಷ್ಟು ಮೀನು ಇಟ್ಟುಕೊಳ್ಳಬಹುದು, ಎಲ್ಲ ಬರೆದಿಟ್ಟ ನಿಯಮ. ಗಾಳ ಹಾಕೋಕೆ ಲೈಸೆನ್ಸ್ ಬೇಕು, ಇಟ್ಟುಕೊಂಡ ಮೀನನ್ನ ಕಾರ್ಡ್‌ನಲ್ಲಿ ನಮೂದಿಸಬೇಕು. ಹ್ಯಾಚರಿಯಲ್ಲಿ ಬೆಳೆಸಿದ ಮರಿಗಳ ಬೆನ್ನಿನ ಕೊನೆಯಲ್ಲಿರೋ ಪುಟ್ಟ ರೆಕ್ಕೆ ಕತ್ತರಿಸಿ ಹೊಳೆಗೆ ಬಿಡ್ತಾರೆ. ಬಹಳ ಕಡೆ ಆ ರೆಕ್ಕೆ ಇಲ್ಲದ ಮೀನನ್ನ ಮನೆಗೆ ಒಯ್ಯಬಹುದು, ರೆಕ್ಕೆ ಇದ್ದದ್ದು ಕಾಡು ಮೀನು, ಅದನ್ನ ನೀರಿಗೇ ಬಿಡಬೇಕು. ಸಿಎಸ್‌ನವರ ಭಾಷೇಲಿ ಹೇಳೋದಾದ್ರೆ ಒಂದು ಬಿಟ್‌ನ ಫ್ಲ್ಯಾಗ್.

ಈಗ ನಮ್ಮ ಕಡೆ ಬರೋಣ. ಸಿಂಧನೂರು, ಮಸ್ಕಿ, ಲಿಂಗಸುಗೂರು ಇರೋದು ಎರಡು ದೊಡ್ಡ ಹೊಳೆಗಳ ನಡುವೆ. ತೆಂಕಕ್ಕೆ ತುಂಗಭದ್ರಾ, ಬಡಗಕ್ಕೆ ಕೃಷ್ಣಾ. ಹಳೇ ಶಾಸನಗಳಲ್ಲಿ ಈ ನಾಡಿನ ಹೆಸರೇ ಎಡೆದೊರೆ, ಅಂದ್ರೆ ಹೊಳೆಗಳ ನಡುವಿನ ನೆಲ. ನೀರಿನ ಕ್ಯಾಲೆಂಡರ್ ನಮಗೆ ಬಾಯಿಪಾಠ. ಬೇರೆ ಊರಿನ ಹುಡುಗರಿಗೆ ಐಸಿಸಿ ಅಂದ್ರೆ ಕ್ರಿಕೆಟ್. ಸಿಂಧನೂರಿನಲ್ಲಿ ಐಸಿಸಿ ಅಂದ್ರೆ ನೀರಾವರಿ ಸಲಹಾ ಸಮಿತಿ. ಎಡದಂಡೆ ಕಾಲುವೆಗೆ ಯಾವತ್ತು ನೀರು ಬಿಡ್ತಾರೆ, ಎರಡನೇ ಬೆಳೆಗೆ ಸಿಗುತ್ತಾ ಇಲ್ವಾ ಅನ್ನೋದು ಚಹಾದಂಗಡಿಯಿಂದ ಮದುವೆ ಮನೆ ತನಕ ಎಲ್ಲ ಕಡೆ ಮಾತು. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 33 ಗೇಟ್‌ಗಳಲ್ಲಿ 19ನೇದು ಚೈನ್ ಕಡಿದು ಕೊಚ್ಚಿಹೋದಾಗ ಇಡೀ ತಾಲ್ಲೂಕು ನಿದ್ದೆ ಬಿಟ್ಟಿತ್ತು. ಹರಿಯೋ ನೀರಲ್ಲೇ ಸ್ಟಾಪ್‌ಲಾಗ್ ಇಳಿಸಿ ನಿಲ್ಲಿಸಿದ ಕೆಲಸ ನಮ್ಮ ಸಿವಿಲ್, ಮೆಕ್ಯಾನಿಕಲ್‌ನವರು ಇವತ್ತಿಗೂ ಮಾತಾಡ್ತಾರೆ. ಆ ವಾರ ಭತ್ತದ ಬಗ್ಗೆ ಎಷ್ಟು ಮಾತು ಕೇಳಿದೆ ಅಂತ ಲೆಕ್ಕ ಇಲ್ಲ. ಮೀನಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ.

ಆದ್ರೆ ಮೀನು ತಿನ್ನೋರು ನಾವೇ. ಆರ್‌.ಎಚ್‌. ಕ್ಯಾಂಪ್‌ಗಳಲ್ಲಿ ನೆಲೆ ನಿಂತ ಬಂಗಾಲಿ ಕುಟುಂಬಗಳಿಗೆ ಮೀನಿಲ್ಲದ ಊಟ ಊಟವೇ ಅಲ್ಲ. ಭತ್ತದ ಗದ್ದೆಯನ್ನ ಮೀನಿನ ಕೆರೆ ಮಾಡಿಕೊಂಡವರೂ ಇದ್ದಾರೆ. ಮಾರ್ಕೆಟ್‌ನಲ್ಲಿ ಸಿಗೋ ಕಾಟ್ಲಾ, ರೋಹುಗಳಲ್ಲಿ ಸಾಕಿದ್ದೇ ಬಹಳ. ಸಾಕಿದ ಮೀನು ಸಿಕ್ಕೇ ಸಿಗುತ್ತಲ್ಲ, ಇನ್ನು ಹೊಳೆ ಮೀನಿನ ಚಿಂತೆ ಯಾಕೆ ಅನ್ನೋದು ಬಹುಮತ. ಇಲ್ಲೇ ನನ್ನ ತಕರಾರು.

ಹೊಳೆ ಮೀನಿಗೂ ಋತು ಇದೆ. ಮಲೆನಾಡಲ್ಲಿ ಮಳೆ ಹಿಡಿದು ಕೆಂಪು ನೀರು ಬಂದಾಗ ಬಹಳ ಜಾತಿಯ ಮೀನು ಪ್ರವಾಹಕ್ಕೆ ಎದುರಾಗಿ ಏರಿ ಮೊಟ್ಟೆ ಇಡುತ್ತೆ. ಮಳೆಗಾಲ ಮುಗಿದ ಮೇಲೆ ಮರಿ ಬೆಳೆಯೋ ಕಾಲ. ಏಪ್ರಿಲ್, ಮೇ ಹೊತ್ತಿಗೆ ಹೊಳೆ ಬತ್ತಿ ಬಂಡೆ ನಡುವೆ ಮಡುಗಳು ಮಾತ್ರ ಉಳಿಯುತ್ತೆ, ಉಳಿದ ಮೀನೆಲ್ಲ ಆ ಮಡುಗಳಲ್ಲಿ ಸೇರುತ್ತೆ. ಮೊಟ್ಟೆ ಹೊತ್ತ ಮೀನು ಹಿಡಿದ್ರೆ ಮುಂದಿನ ವರ್ಷದ ಮೀನೂ ಹೋಯ್ತು. ಬೇಸಿಗೆಯ ಮಡುವಿಗೆ ಜಿಲೆಟಿನ್ ಕಡ್ಡಿ ಎಸೆದ್ರೆ ದೊಡ್ಡದು, ಚಿಕ್ಕದು, ಏಡಿ, ಆಮೆ ಎಲ್ಲ ಒಂದೇ ಏಟಿಗೆ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳಿಗೆ ರಜೆ ಅಂತ ಮಂಗಳೂರಿನ ಮಗುವಿಗೂ ಗೊತ್ತು. ನಮ್ಮ ಹೊಳೆಯ ರಜೆ ಯಾವಾಗ ಅಂತ ನಮ್ಮ ಕ್ಲಾಸಲ್ಲಿ ಕೇಳಿ ನೋಡ್ರಿ.

ಗೈಡ್ ಇಟ್ಟು, ಋತು ನೋಡಿ, ಲೆಕ್ಕ ಬರೆದು ಮೀನು ಹಿಡಿಯೋದು ಫಾರಿನ್ ವಿಷಯ ಅಂದುಕೊಳ್ಳಬೇಡಿ. ನಮ್ಮ ರಾಜ್ಯದಲ್ಲೇ ಇತ್ತು. ಕಾವೇರಿ ದಂಡೆಯ ಭೀಮೇಶ್ವರಿ, ಗಾಳಿಬೋರೆಗೆ ಮಹಶೀರ್ ಅನ್ನೋ ಮೀನಿಗಾಗಿ ಜಗತ್ತಿನ ಮೂಲೆಮೂಲೆಯಿಂದ ಜನ ಬರ್ತಿದ್ರು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡ್ ತೂಗಿತ್ತು, ಅಂದ್ರೆ ಸುಮಾರು 54 ಕೆಜಿ. ನಮ್ಮ ರೂಮ್‌ಮೇಟ್‌ಗಳಲ್ಲಿ ಕೆಲವರು ಅಷ್ಟು ತೂಗಲ್ಲ. ಆಮೇಲೆ ಆ ಮೀನು ಮುಗಿದೇ ಹೋಯ್ತು ಅಂದುಕೊಂಡಿದ್ದಾಗ, 1970ರ ದಶಕದ ಕೊನೆಗೆ ಇಂಗ್ಲೆಂಡಿನ ಮೂವರು ಹುಡುಗರು ಬಂದು ಇನ್ನೂ ಇದೆ ಅಂತ ತೋರಿಸಿದ್ರು. ಕ್ಯಾಂಪ್‌ಗಳು ಶುರುವಾದವು. ಹರಿಗೋಲು ನಡೆಸೋರು, ಯಾವ ಮಡುವಿನಲ್ಲಿ ಮೀನು ಮಲಗಿರುತ್ತೆ ಅಂತ ಬಲ್ಲವರು ಅಲ್ಲಿನ ಹಳ್ಳಿಯವರೇ. ಕದ್ದು ಮೀನು ಹಿಡಿಯುತ್ತಿದ್ದವರೂ ಗೈಡ್ ಆದ್ರು, ಕಾವಲುಗಾರರಾದ್ರು. ಗಾಳಕ್ಕೆ ಸಿಕ್ಕಿಸ್ತಿದ್ದದ್ದು ಏನು ಗೊತ್ತಾ? ರಾಗಿ ಮುದ್ದೆ. ಹಿಡಿದ ಮೀನನ್ನ ತೂಗಿ, ಫೋಟೊ ತೆಗೆದು, ವಾಪಸ್ ಬಿಡಬೇಕು ಅನ್ನೋದು ನಿಯಮ. ಸುತ್ತಲಿನ ಕಾಡು ವನ್ಯಜೀವಿಧಾಮ ಆಗಿದ್ದರಿಂದ ಅಲ್ಲಿ ಗಾಳ ಹಾಕೋದೂ ಕಾನೂನಿನ ಪ್ರಶ್ನೆಯಾಗಿ, 2012ರ ಹೊತ್ತಿಗೆ ಎಲ್ಲ ನಿಂತುಹೋಯ್ತು.

ಈ ಕತೆಯಲ್ಲಿ ಎರಡು ಪಕ್ಷ ಇದೆ. ಒಂದು ಪಕ್ಷ: ಗಾಳ ಹಾಕೋರು ಹೋದ್ಮೇಲೆ ಹೊಳೆ ಕಾಯೋರೂ ಹೋದ್ರು. ಇನ್ನೊಂದು ಪಕ್ಷ: ಮೀನಿನ ಬಾಯಿಗೆ ಕೊಕ್ಕೆ ಸಿಕ್ಕಿಸಿ ಆಟ ಆಡಿಸಿ ಬಿಡೋದು ಯಾವ ಸೀಮೆ ಸಂರಕ್ಷಣೆ? ನಾನು ಮೊದಲನೇ ಪಕ್ಷದ ಕಡೆ ವಾಲ್ತೀನಿ. ಆದ್ರೆ ಅದರಲ್ಲಿ ಒಂದು ದೊಡ್ಡ ತೂತು ಇದೆ, ಅದನ್ನ ಮುಚ್ಚಿಡೋದು ಸರಿ ಅಲ್ಲ.

ಗಾಳಿಬೋರೆ ಕ್ಯಾಂಪಿನವರು 1998ರಿಂದ 2012ರ ತನಕ ಲಾಗ್‌ಬುಕ್ ಬರೆದಿಟ್ಟಿದ್ರು. ಎಷ್ಟು ಗಂಟೆ ಗಾಳ ಹಾಕಿದ್ರು, ಎಷ್ಟು ಮೀನು, ಎಷ್ಟು ತೂಕ. ಒಟ್ಟು 23 ಸಾವಿರಕ್ಕೂ ಹೆಚ್ಚು ಗಂಟೆ, 6 ಸಾವಿರಕ್ಕೂ ಹೆಚ್ಚು ಮಹಶೀರ್. ಸಂಶೋಧಕರು ಆ ಪುಸ್ತಕಗಳನ್ನ ಲೆಕ್ಕಕ್ಕೆ ತಂದು 2015ರಲ್ಲಿ ಪ್ರಕಟಿಸಿದ ಮೇಲೆ ನಿಜ ಹೊರಗೆ ಬಂತು. ಒಟ್ಟು ಮೀನಿನ ಸಂಖ್ಯೆ ಏರ್ತಾ ಇತ್ತು, ಎಲ್ಲರೂ ಖುಷಿಯಲ್ಲಿದ್ರು. ಆದ್ರೆ ಏರ್ತಿದ್ದದ್ದು ನೀಲಿ ರೆಕ್ಕೆಯ ಮಹಶೀರ್. ಕಾವೇರಿ ಕೊಳ್ಳ ಬಿಟ್ಟು ಜಗತ್ತಲ್ಲಿ ಬೇರೆಲ್ಲೂ ಇಲ್ಲದ, ಕಿತ್ತಳೆ ರೆಕ್ಕೆಯ ಡುಬ್ಬದ ಮಹಶೀರ್ ಅದೇ ಹೊತ್ತಲ್ಲಿ ಕಾಣೆಯಾಗ್ತಾ ಇತ್ತು. ನೀಲಿ ರೆಕ್ಕೆಯದು ಲೋಣಾವಳದ ಹ್ಯಾಚರಿಯಿಂದ ಬಂದ ತಳಿ. ಅದರ ಮೂಲ ನಮ್ಮದೇ ಕೃಷ್ಣಾ ಕೊಳ್ಳ. ಒಳ್ಳೇದಾಗಲಿ ಅಂತಲೇ ತಂದು ಬಿಟ್ಟಿದ್ರು. 2018ರಲ್ಲಿ ಡುಬ್ಬದ ಮಹಶೀರ್ ತೀರಾ ಅಪಾಯದ ಅಂಚಿನ ಜೀವಿಗಳ ಪಟ್ಟಿ ಸೇರಿತು.

ಅಂದ್ರೆ ಡೇಟಾ ಇತ್ತು, ಓದೋರು ತಡವಾಗಿ ಬಂದ್ರು. ಟೋಟಲ್ ನೋಡಿದ್ರು, ಒಳಗಿನ ಕಾಲಮ್ ನೋಡಲಿಲ್ಲ. ನಮಗೆ ಎಲ್ಲ ಲ್ಯಾಬ್‌ನಲ್ಲೂ ರೀಡಿಂಗ್ ಬರೆಯೋಕೆ ಕಲಿಸ್ತಾರೆ, ರೀಡಿಂಗ್ ಏನು ಹೇಳ್ತಿದೆ ಅಂತ ನಾವು ಪರೀಕ್ಷೆ ಹಿಂದಿನ ದಿನ ನೋಡ್ತೀವಿ. ಹೊಳೆಗೆ ಮರುಪರೀಕ್ಷೆ ಇಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ. ಹೊಟ್ಟೆಗಾಗಿ ಬಲೆ ಬೀಸೋ ಬೆಸ್ತರವನಿಗೆ ದಂಡ, ಮೋಜಿಗಾಗಿ ಗಾಳ ಹಾಕೋ ಸಾಹುಕಾರನಿಗೆ ಸ್ವಾಗತ, ಇದು ನ್ಯಾಯಾನಾ ಅಂತ ಕೇಳ್ತಾರೆ. ಅಲ್ಲ. ಇದು ನ್ಯಾಯ ಅಲ್ಲ. ಹೊರಗಿನ ಕಂಪನಿ ಬಂದು ಹೊಳೆಯ ತುಂಡೊಂದನ್ನ ಗುತ್ತಿಗೆ ಹಿಡಿದು, ನಮ್ಮ ಊರಿನವರನ್ನ ಬರೀ ಬ್ಯಾಗ್ ಹೊರೋಕೆ ಇಟ್ಟುಕೊಳ್ಳೋದಾದ್ರೆ ನಾನೂ ವಿರೋಧಿ. ನನ್ನ ವಾದ ಏನಂದ್ರೆ, ಹಕ್ಕು ಮೀನುಗಾರರ ಸಹಕಾರ ಸಂಘದ ಹೆಸರಲ್ಲೇ ಇರಬೇಕು, ಗೈಡ್ ಅವರೇ ಆಗಬೇಕು, ಯಾವ ಮಡು ಮುಚ್ಚಬೇಕು ಅಂತ ಹೇಳೋ ಮಾತೂ ಅವರದ್ದೇ ಆಗಬೇಕು. ಜಲದುರ್ಗದ ಹತ್ತಿರ ಕೃಷ್ಣೆ ಬಂಡೆಗಳ ನಡುವೆ ಸೀಳಿ ಹರಿಯೋ ಜಾಗ ನೋಡಿದವರಿಗೆ ಇದು ಅರ್ಥ ಆಗುತ್ತೆ. ನಾರಾಯಣಪುರ ಡ್ಯಾಮಿನ ಗೇಟ್ ತೆಗೆದ್ರೆ ಎಷ್ಟು ಹೊತ್ತಿಗೆ ನೀರು ಏರುತ್ತೆ, ಮೊಸಳೆ ಯಾವ ದಂಡೆಯಲ್ಲಿ ಬಿಸಿಲು ಕಾಯುತ್ತೆ ಅನ್ನೋದು ಗೂಗಲ್ ಮ್ಯಾಪ್‌ನಲ್ಲಿ ಇಲ್ಲ. ಆ ತಿಳಿವಳಿಕೆಗೆ ಸಂಬಳ ಸಿಗಬೇಕು. ಸಿಗದಿದ್ರೆ ಅದನ್ನ ಬಲ್ಲವರ ಮಕ್ಕಳು ಬೆಂಗಳೂರಿನಲ್ಲಿ ಸೆಕ್ಯೂರಿಟಿ ಕೆಲಸಕ್ಕೆ ಹೋಗ್ತಾರೆ, ತಿಳಿವಳಿಕೆ ಅಲ್ಲಿಗೆ ಮುಗೀತು.

ಹೊಳೆಗೆ ಬೇರೆ ಪಾಲುದಾರರೂ ಇದ್ದಾರೆ. ತುಂಗಭದ್ರೆಯಲ್ಲಿ ಮುದ್ಲಾಪುರದಿಂದ ಕಂಪ್ಲಿ ತನಕ 34 ಕಿಮೀ ಉದ್ದವನ್ನ 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಅಂತ ಘೋಷಿಸಿದ್ರು. ದೇಶದಲ್ಲಿ ಇಂಥದ್ದು ಮೊದಲನೇದು. ನೀರುನಾಯಿಯ ಊಟವೇ ಮೀನು. ಆ 34 ಕಿಮೀಯಲ್ಲಿ ಗಾಳದ ಮೋಜು ಬೇಡವೇ ಬೇಡ. ಕಂಪ್ಲಿ ದಾಟಿ ಕೆಳಗೆ ಸಿಂಧನೂರು ತಾಲ್ಲೂಕಿನ ಮುಕ್ಕುಂದಾ ಕಡೆ ಬರೋದು ಅದೇ ನೀರು. ಮೇಲೆ ಕಾಪಾಡಿದ್ದನ್ನ ಕೆಳಗೆ ಸಿಡಿಮದ್ದು ಹಾಕಿ ಕಳೆಯೋದ್ರಲ್ಲಿ ಅರ್ಥ ಇಲ್ಲ. ಇನ್ನೂ ಮೇಲೆ ಹೋದ್ರೆ ಶೃಂಗೇರಿ. ಅಲ್ಲಿ ತುಂಗೆಯ ಮೆಟ್ಟಿಲ ಹತ್ತಿರ ಮೀನು ಕಾಲಿಗೆ ತಾಗುವಷ್ಟು ಹತ್ತಿರ ಬರುತ್ತೆ, ದೇವರ ಮೀನು ಅಂತ ಯಾರೂ ಮುಟ್ಟಲ್ಲ. ಒಂದೇ ಹೊಳೆ. ಒಂದು ಊರಲ್ಲಿ ಮಂಡಕ್ಕಿ ಹಾಕ್ತಾರೆ, ಇನ್ನೊಂದು ಊರಲ್ಲಿ ಮದ್ದು ಹಾಕ್ತಾರೆ.

ಕೊನೆಗೆ ನಮ್ಮ ಮಸ್ಕಿ. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಇಂಜಿನಿಯರ್ ಅಲ್ಲಿ ಕಂಡ ಬಂಡೆ ಶಾಸನದಿಂದಲೇ 'ದೇವಾನಾಂಪ್ರಿಯ' ಅಂದ್ರೆ ಅಶೋಕನೇ ಅಂತ ಗಟ್ಟಿಯಾಯ್ತು. ಇದು ನಮಗೆಲ್ಲ ಜನರಲ್ ನಾಲೆಜ್ ಪ್ರಶ್ನೆಯಾಗಿ ಗೊತ್ತು. ಅದೇ ಅಶೋಕ ಪಟ್ಟಕ್ಕೆ ಬಂದ 26 ವರ್ಷದ ಮೇಲೆ ಉತ್ತರದ ಕಂಬಗಳಲ್ಲಿ ಕೆತ್ತಿಸಿದ ಐದನೇ ಶಾಸನದಲ್ಲಿ, ಋತು ಬದಲಾಗುವ ಮೂರು ಚಾತುರ್ಮಾಸದ ಹುಣ್ಣಿಮೆಗಳ ಆಸುಪಾಸು ಮತ್ತು ಉಪವಾಸದ ದಿನಗಳಲ್ಲಿ ಮೀನು ಕೊಲ್ಲಬಾರದು, ಮಾರಲೂಬಾರದು ಅಂತ ಇದೆ. ಮೀನುಗಾರರಿಗೆ ಬಿಟ್ಟುಕೊಟ್ಟ ಜಾಗಗಳ ಹೆಸರೂ ಅದರಲ್ಲಿ ಬರುತ್ತೆ. ಅದು ಧರ್ಮದ ಕಾರಣಕ್ಕೆ ಇರಬಹುದು, ಬಯಾಲಜಿಯ ಕಾರಣಕ್ಕೆ ಅಂತ ನಾನು ಹೇಳ್ತಿಲ್ಲ. ಆದ್ರೆ 'ಇಂಥ ದಿನ ಬೇಡ' ಅಂತ ತಾರೀಖು ಬರೆದು ಎಲ್ಲರಿಗೂ ಕಾಣೋ ಹಾಗೆ ನಿಲ್ಲಿಸೋದು 2,200 ವರ್ಷದ ಹಿಂದೆಯೇ ಸಾಧ್ಯವಾಗಿತ್ತು. ನಾವು ಮುಕ್ಕುಂದಾ, ಜಲದುರ್ಗದಲ್ಲಿ ಒಂದು ಬೋರ್ಡ್ ಹಾಕೋಕೆ ಆಗಲ್ವಾ?

ನಾನು ಕೇಳ್ತಿರೋದು ಮೂರು. ಒಂದು, ಮಳೆಗಾಲದಲ್ಲಿ ಹೊಳೆಗೆ ರಜೆ, ಆ ತಿಂಗಳುಗಳಿಗೆ ಮೀನುಗಾರ ಕುಟುಂಬಗಳಿಗೆ ಸರಿಯಾದ ಪರಿಹಾರ, ಬೇಸಿಗೆಯಲ್ಲಿ ಆಯ್ದ ಕೆಲವು ಮಡುಗಳಿಗೆ ಕಾವಲು. ಎರಡು, ಮೀಸಲು ಪ್ರದೇಶ ಬಿಟ್ಟು ಒಂದೆರಡು ಕಡೆ, ಚಳಿಗಾಲದಲ್ಲಿ ಮಾತ್ರ, ಸ್ಥಳೀಯ ಸಂಘದ ಗೈಡ್ ಜೊತೆಗೆ ಹಿಡಿದು ಬಿಡುವ ಗಾಳ. ಅದರ ಹಣ ಕಾವಲಿಗೆ ಹೋಗಲಿ. ಮೂರು, ಜಾತಿವಾರು ಲೆಕ್ಕ ಬರೆಯೋ ಲಾಗ್‌ಬುಕ್, ವರ್ಷಕ್ಕೊಮ್ಮೆ ಎಲ್ಲರ ಮುಂದೆ ಓದಬೇಕು.

ಮೊದಲೆರಡು ಸರ್ಕಾರದ ಕೈಯಲ್ಲಿದೆ. ಮೂರನೇದು ನಮ್ಮ ಕೈಯಲ್ಲೂ ಇದೆ. ಮುಂದಿನ ಸೆಮಿಸ್ಟರ್‌ಗೆ ಮಿನಿ ಪ್ರಾಜೆಕ್ಟ್ ಹುಡುಕ್ತಿರೋರು ಇಪ್ಪತ್ತನೇ ಸ್ಮಾರ್ಟ್ ಡಸ್ಟ್‌ಬಿನ್ ಮಾಡೋ ಬದಲು ಸಿಂಧನೂರಿನ ಮೀನು ಮಾರ್ಕೆಟ್‌ಗೆ ಬನ್ನಿ. ವಾರಕ್ಕೊಂದು ಬೆಳಿಗ್ಗೆ ಸಾಕು. ಯಾವ ತಿಂಗಳು ಯಾವ ಹೊಳೆ ಮೀನು ಬಂತು, ಎಷ್ಟುದ್ದ, ಮೊಟ್ಟೆ ಇತ್ತಾ, ಮಾರೋ ಅಕ್ಕಂದಿರು ಅದನ್ನ ಏನಂತ ಕರೀತಾರೆ, ಇಷ್ಟನ್ನ ಬರೆಯೋಣ. ಆ್ಯಪ್ ಆಮೇಲೆ ಮಾಡಿದ್ರಾಯ್ತು, ಸದ್ಯಕ್ಕೆ ಇನ್ನೂರು ಪುಟದ ನೋಟ್‌ಬುಕ್ ಸಾಕು. ಹೆಸರುಗಳನ್ನ ಕನ್ನಡದಲ್ಲೇ ಬರೆಯೋಣ. ನಾನು ಇಂಗ್ಲಿಷ್ ಮೀಡಿಯಂ, ನನಗೆ ಸಾಲ್ಮನ್‌ನಲ್ಲಿ ನಾಲ್ಕು ಜಾತಿ ಗೊತ್ತು, ಮುಕ್ಕುಂದಾ ಹೊಳೆಯ ನಾಲ್ಕು ಮೀನಿನ ಹೆಸರು ಹೇಳೋಕೆ ತಡವರಿಸ್ತೀನಿ. ನಿಮ್ಮಲ್ಲೂ ಬಹಳ ಮಂದಿಯದ್ದು ಇದೇ ಕತೆ ಅಂತ ನನ್ನ ಗುಮಾನಿ. ಬರೋರು ಕ್ಲಬ್ ಗ್ರೂಪ್‌ನಲ್ಲಿ ಹೆಸರು ಹಾಕಿ.