ಕಳೆದುಹೋದ ‘ಸೈಟ್’

1980ರ ದಶಕದಲ್ಲಿ ಧಾರವಾಡದ ನನ್ನ ತರಗತಿಯಲ್ಲಿ ಬಾಲಕನೊಬ್ಬನು ತಂದೆ ‘ಸೈಟ್’ ಕಳೆದುಕೊಂಡರೆಂದು ಇಂಗ್ಲಿಷ್ ಪ್ರಬಂಧದಲ್ಲಿ ಬರೆದಿದ್ದನು. ಸ್ಪೆಲಿಂಗ್ ನಿವೇಶನದ್ದು. “ಎಷ್ಟ ಗುಂಟೆ ಇತ್ತಪಾ?” ಎಂದು ಕೇಳಿ ಎಲ್ಲರನ್ನೂ ನಗಿಸಿದೆ. ಅವನು ತಲೆ ತಗ್ಗಿಸಿದನು. ತಂದೆಯ ದೃಷ್ಟಿ ಹೋದ ಸಂಗತಿಯನ್ನು ಅವನು ಬರೆದಿದ್ದನೆಂದು ಆಮೇಲೆ ತಿಳಿಯಿತು.

ಕನ್ನಡದಲ್ಲಿ ನಾವು ಬಹುಮಟ್ಟಿಗೆ ನುಡಿದಂತೆಯೇ ಬರೆಯುತ್ತೇವೆ. ಇಂಗ್ಲಿಷಿನಲ್ಲಿ ಈ ಎರಡೂ ಪದಗಳ ಉಚ್ಚಾರ ಒಂದೇ, ಬರಹ ಬೇರೆ. ದೃಷ್ಟಿ ಎಂಬ ಅರ್ಥದ ಪದದ ನಡುವಿನ ‘ಜಿ’, ‘ಎಚ್’ ಅಕ್ಷರಗಳಿಗೆ ಶತಮಾನಗಳ ಹಿಂದೆ ಧ್ವನಿಯಿತ್ತು. ಧ್ವನಿ ಅಳಿಯಿತು, ಅಕ್ಷರಗಳು ಉಳಿದವು. ಕಿವಿಯನ್ನು ನಂಬಿ ಬರೆದ ಮಗು ದಡ್ಡನಲ್ಲ.

ಇಂದು ಶಿಕ್ಷಕರಾಗಿರುವ ನನ್ನ ಶಿಷ್ಯರೇ, ಸ್ಪೆಲಿಂಗ್ ಅವಶ್ಯವಾಗಿ ತಿದ್ದಿರಿ. ಅದಕ್ಕೆ ಮೊದಲು ಮಗು ಏನು ಹೇಳುತ್ತಿದೆಯೆಂದು ಕೇಳಿರಿ. ನಾನು ಅಂದು ಕೇಳಲಿಲ್ಲ.