ಏಳುವ ಸೇತುವೆ, ಇಳಿಯುವ ಸೇತುವೆ

ಹುಮನಾಬಾದ್, ಬಸವಕಲ್ಯಾಣದ ಕಡೆಯಿಂದ ರಾಮೇಶ್ವರಕ್ಕೆ ಹೊರಟ ಯಾತ್ರೆಯ ಬಸ್ಸುಗಳಲ್ಲಿ ಎಷ್ಟೋ ಜನ ಸಮುದ್ರವನ್ನು ಮೊದಲ ಸಲ ಕಾಣುವುದು ಪಾಂಬನ್ ರಸ್ತೆ ಸೇತುವೆಯ ಮೇಲಿಂದ. 2025ರ ಬೇಸಿಗೆ ರಜೆಯಲ್ಲಿ ಹಾಗೆ ಹೋದ ಒಂದು ಬಸ್ಸಿನಲ್ಲಿ ಎಂಟನೆಯ ತರಗತಿಯ ಹುಡುಗನೊಬ್ಬನಿದ್ದ. ಅವನ ಕಣ್ಣು ನೀರಿಗಿಂತ ಹೆಚ್ಚಾಗಿ ಪಕ್ಕದ ಹೊಸ ರೈಲು ಸೇತುವೆಯ ಮೇಲಿತ್ತು. ಆ ವರ್ಷದ ಏಪ್ರಿಲ್ 6ರ ರಾಮನವಮಿಯಂದು ಉದ್ಘಾಟನೆಯಾದ ಸೇತುವೆ ಅದು.

“ಮುತ್ಯಾ, ಅಷ್ಟು ದೊಡ್ಡ ಕಬ್ಬಿಣ ಮ್ಯಾಲ ಹ್ಯಾಂಗ ಏರ್ತದ?”

“ಬಾವಿ ಗಡಗಡಿ ನೋಡಿಲ್ಲೇನೋ?” ಎಂದ ಮುತ್ಯಾ. ಅರ್ಧ ತಮಾಷೆಗೆ ಹೇಳಿದ ಆ ಮಾತೇ ಸರಿಯಾದ ಉತ್ತರ.

ಎರಡು ಕಿಲೋಮೀಟರಿಗೂ ತುಸು ಹೆಚ್ಚು ಉದ್ದದ ಈ ಸೇತುವೆಯಲ್ಲಿ ಏಳುವುದು ಒಂದೇ ತುಂಡು. ಅದರ ಉದ್ದ 72.5 ಮೀಟರ್, ತೂಕ ಸುಮಾರು 660 ಟನ್. ಹಡಗು ಬಂದಾಗ ಅದು ಮಲಗಿದ ಹಾಗೆಯೇ, ಓರೆಯಾಗದೆ, 17 ಮೀಟರ್ ಮೇಲಕ್ಕೇರುತ್ತದೆ. ಇದಕ್ಕೆ ಹಿಡಿಯುವ ಹೊತ್ತು ಐದೂವರೆ ನಿಮಿಷದಷ್ಟು. ಬರೀ ಮೋಟಾರಿನಿಂದಲೇ ಎತ್ತುವುದಾದರೆ ಸುಮಾರು 30 ಯೂನಿಟ್ ವಿದ್ಯುತ್ ಬೇಕು. ಅದನ್ನು ಐದೂವರೆ ನಿಮಿಷದಲ್ಲೇ ಮುಗಿಸಲು 450 ಅಶ್ವಶಕ್ತಿಯ ಹತ್ತಿರ ಹೋಗುತ್ತದೆ ಲೆಕ್ಕ. ಆದರೆ ಎರಡೂ ಗೋಪುರಗಳಲ್ಲಿ ಉಕ್ಕಿನ ಹಗ್ಗಕ್ಕೆ ಎದುರುಭಾರಗಳನ್ನು ತೂಗುಹಾಕಿದ್ದಾರೆ. ರಾಟೆಯ ಎರಡು ತುದಿಗೆ ಎರಡು ತುಂಬಿದ ಕೊಡ ಕಟ್ಟಿದಂತೆ ಇದು. ಭಾರ ಇಳಿದರೆ ಸೇತುವೆ ಏರುತ್ತದೆ, ಸೇತುವೆ ಇಳಿದರೆ ಭಾರ ಏರುತ್ತದೆ. ಮೋಟಾರಿಗೆ ಉಳಿಯುವ ಕೆಲಸವೆಂದರೆ ತಿಕ್ಕಾಟ, ಗಾಳಿ ಮತ್ತು ತೂಕದ ಅಲ್ಪಸ್ವಲ್ಪ ವ್ಯತ್ಯಾಸವನ್ನು ಗೆಲ್ಲುವುದು.

1914ರ ಫೆಬ್ರವರಿ 24ರಂದು ತೆರೆದ ಹಳೆಯ ಸೇತುವೆಯಲ್ಲೂ ಎದುರುಭಾರವಿತ್ತು. ಅಮೆರಿಕದ ವಿಲಿಯಂ ಶೆರ್ಜರ್ ಹೆಸರಿನ ಆ ವಿನ್ಯಾಸದಲ್ಲಿ ನಡುವಿನ ಭಾಗ ಎರಡಾಗಿ ಸೀಳಿ, ಎರಡು ಕೈ ಎತ್ತಿದಂತೆ ಹಿಂದಕ್ಕೆ ಉರುಳುತ್ತಿತ್ತು. ಜನ ಕೈಯಿಂದಲೇ ಹಲ್ಲುಚಕ್ರ ತಿರುಗಿಸುತ್ತಿದ್ದರು. 2022ರ ಡಿಸೆಂಬರಿನಲ್ಲಿ ಅದರ ಮೇಲೆ ರೈಲು ಓಡಾಟ ನಿಂತಿತು.

ಮುತ್ಯಾನಿಗೆ ಮಾತ್ರ ಏರುವ ಚಿಂತೆ ಇರಲಿಲ್ಲ. “ಇಳದ ಮ್ಯಾಲ ಹಳಿಗೆ ಹಳಿ ಸರಿ ಕೂಡ್ಯದ ಅಂತ ಯಾರು ನೋಡ್ತಾರ?” ಎಂದು ಕೇಳಿದ. ಅವನ ನೆನಪಿನಲ್ಲಿದ್ದುದು 1964. ಆ ಡಿಸೆಂಬರ್ 22ರ ರಾತ್ರಿ ಚಂಡಮಾರುತದ ಅಲೆ ಧನುಷ್ಕೋಡಿಯ ಹತ್ತಿರ ಪ್ಯಾಸೆಂಜರ್ ರೈಲನ್ನೇ ನುಂಗಿ, ನೂರಕ್ಕೂ ಹೆಚ್ಚು ಜನ ಸತ್ತರು. ಸೇತುವೆಯ ಅನೇಕ ಗರ್ಡರುಗಳು ಕೊಚ್ಚಿಹೋದವು. ಏಳುವ ಭಾಗ ಮಾತ್ರ ಉಳಿಯಿತು. ಮುಂದೆ ಕೊಂಕಣ ರೈಲ್ವೆ ಕಟ್ಟಿದ ಇ. ಶ್ರೀಧರನ್ ಆಗ ಯುವ ಇಂಜಿನಿಯರ್. ಅವರ ಮೇಲ್ವಿಚಾರಣೆಯಲ್ಲಿ 46 ದಿನಗಳಲ್ಲಿ ಸೇತುವೆ ದುರಸ್ತಿಯಾಯಿತು.

ಮುತ್ಯಾನ ಪ್ರಶ್ನೆ ಮುದುಕರ ಸುಮ್ಮನೆಯ ಹೆದರಿಕೆಯಲ್ಲ. ಎತ್ತುವುದು ತೂಕದ ಲೆಕ್ಕವಾದರೆ, ಇಳಿಸುವುದು ಕೂದಲೆಳೆಯ ಲೆಕ್ಕ. ಎರಡು ಗೋಪುರಗಳ ಹಗ್ಗ ಒಂದೇ ಸಮನೆ ಓಡಬೇಕು. ಒಂದು ತುದಿ ಹಿಂದೆ ಬಿದ್ದರೆ ತುಂಡು ವಾಲಿ ಗೋಪುರದಲ್ಲಿ ಸಿಕ್ಕಿಕೊಳ್ಳುತ್ತದೆ. ಉದ್ಘಾಟನೆಯ ದಿನವೇ ಹಡಗು ದಾಟಿದ ಮೇಲೆ ಇಳಿಸುವಾಗ ತೊಡಕು ಬಂದು ಸರಿಪಡಿಸಬೇಕಾಯಿತು. ಅದಕ್ಕೇ ಇಂಥ ಸೇತುವೆಗಳಲ್ಲಿ ಬೀಗಕ್ಕೂ ಸಿಗ್ನಲಿಗೂ ಗಂಟು ಹಾಕಿರುತ್ತಾರೆ. ತುಂಡು ಪೂರಾ ಕೂತು, ಬೀಗ ಬಿದ್ದು, ಅದು ಖಾತ್ರಿಯಾಗುವ ತನಕ ರೈಲಿಗೆ ಹಸಿರು ದೀಪ ಸಿಗುವುದಿಲ್ಲ. ನೋಡುವವನ ನಿದ್ದೆಗಣ್ಣನ್ನು ನಂಬುವ ಹಾಗಿಲ್ಲ ನೋಡಿ!

ಅಷ್ಟರಲ್ಲಿ ಮಂಟಪಂ ಕಡೆಯಿಂದ ರೈಲು ಬಂತು. ಹುಡುಗ ಬೋಗಿ ಎಣಿಸತೊಡಗಿದ. ಮುತ್ಯಾ ಎರಡು ಗೋಪುರಗಳ ನಡುವಿನ ಜಾಗದ ಮೇಲಿಟ್ಟ ದೃಷ್ಟಿ ತೆಗೆಯಲಿಲ್ಲ. ಕೊನೆಯ ಬೋಗಿ ದಾಟಿದ ಮೇಲೆ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, “ಕೂತದ ಬಿಡು” ಎಂದ.