ಒಂದೇ ಸೀಟು, ಮಗಳಿಗೆ ಉಚಿತ, ಅಮ್ಮನಿಗೆ ಟಿಕೆಟ್

ನಮ್ಮ ತಾಳವಾಡಿಯಲ್ಲಿ ಮನೆಮಾತು ಕನ್ನಡ, ರೇಷನ್ ಕಾರ್ಡು ತಮಿಳುನಾಡಿನದು. ಜಿಲ್ಲಾ ಕೇಂದ್ರ ಈರೋಡಿಗೆ ಹೋಗಬೇಕೆಂದರೆ ದಿಂಬಂ ಘಾಟಿಯ 27 ತಿರುವು ಇಳಿದು 100 ಕಿ.ಮೀ.ಗೂ ಹೆಚ್ಚು ದಾರಿ. ಹಾಗಾಗಿ ಆಸ್ಪತ್ರೆ, ಬಟ್ಟೆಬರೆ, ಬೀಗರ ಮನೆ ಎಲ್ಲವೂ ಚಾಮರಾಜನಗರದ ಕಡೆಗೇ.

2023ರ ಜೂನ್ 11ರಿಂದ ಕರ್ನಾಟಕದ ಸಾದಾ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಆದರೆ ಗುರುತಿನ ಚೀಟಿಯಲ್ಲಿ ಕರ್ನಾಟಕದ ವಿಳಾಸ ಇರಬೇಕು. ಚಾಮರಾಜನಗರಕ್ಕೆ ಮದುವೆಯಾಗಿ ಹೋದ ಮಗಳು, ತಾಳವಾಡಿಯ ಅಮ್ಮ ಇಬ್ಬರೂ ಮೈಸೂರಿನ ದೊಡ್ಡಾಸ್ಪತ್ರೆಗೆ ಹೊರಟರೆ ಮಗಳಿಗೆ ಉಚಿತ, ಅಮ್ಮನಿಗೆ ಟಿಕೆಟ್. ತಮಿಳುನಾಡು 2021ರಲ್ಲೇ ಉಚಿತ ಕೊಟ್ಟಿತು ನಿಜ; ಅದು ಟೌನ್ ಬಸ್ಸಿಗೆ, ದೂರದೂರಿನ ಬಸ್ಸಿಗಲ್ಲ.

ಕರ್ನಾಟಕದ ತೆರಿಗೆ ದುಡ್ಡು ಹೊರಗಿನವರಿಗೆ ಏಕೆ ಎಂದು ಕೇಳುತ್ತಾರೆ. ಕೇಳಲಿ. ಚಾಮರಾಜನಗರದ ಅಂಗಡಿಯಲ್ಲಿ ಸೀರೆ, ಸೋಪು ಕೊಂಡಾಗಲೆಲ್ಲ ನಾವೂ ಆ ತೆರಿಗೆ ಕಟ್ಟುತ್ತೇವಲ್ಲ? ತಲಪಾಡಿ ದಾಟಿ ಮಂಗಳೂರಿನ ಆಸ್ಪತ್ರೆಗೆ ಬರುವ ಮಂಜೇಶ್ವರದ ಉಮ್ಮಂದಿರ ಪಾಡೂ ಇದೇ ಎಂದು ಈ ಓದುಗರಿಗೆ ಬೇರೆ ಹೇಳಬೇಕಿಲ್ಲ.

ನಾನು ಕೇಳುವುದು ಇಷ್ಟೇ: ಗಡಿ ತಾಲ್ಲೂಕಿನ ಹೆಂಗಸರಿಗೆ, ಪಕ್ಕದ ರಾಜ್ಯದ ಹತ್ತಿರದ ಸರ್ಕಾರಿ ದೊಡ್ಡಾಸ್ಪತ್ರೆಯವರೆಗಾದರೂ, ಆಧಾರ್ ನೋಡಿ ಶೂನ್ಯ ಟಿಕೆಟ್ ಹರಿಯಲಿ. ಖರ್ಚನ್ನು ಎರಡೂ ಕಡೆಯ ಸರ್ಕಾರಗಳು ಹಂಚಿಕೊಳ್ಳಲಿ.